ಡಬ್ಬಿ ಕೂಗಿತಾ?

ಎಳನೀರು ಗಾಡಿಯವನ ಬಲಗೈಯಲ್ಲಿ ಮಚ್ಚು, ಎಡಗೈಯಲ್ಲಿ ಕಾಯಿ. ಗಿರಾಕಿ ಫೋನನ್ನು ಅವನ ಮುಖದ ಹತ್ತಿರ ಹಿಡಿದು ‘ದುಡ್ಡು ಹೋಯ್ತು ನೋಡಿ’ ಎನ್ನುತ್ತಾರೆ. ಅವನು ನೋಡುವುದಿಲ್ಲ. ನೋಡಿಯೂ ಪ್ರಯೋಜನವಿಲ್ಲ, ಹಸಿರು ಟಿಕ್ಕು, ಮೊತ್ತ, ವೇಳೆ ಎಲ್ಲವನ್ನೂ ಹುಬೇಹೂಬು ತೋರಿಸುವ ನಕಲಿ ಆ್ಯಪ್‌ಗಳಿವೆ, ನಿನ್ನೆಯ ಸ್ಕ್ರೀನ್‌ಶಾಟ್ ತೋರಿಸಿ ಜಾರಿಕೊಳ್ಳುವವರೂ ಇದ್ದಾರೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯ ಪರಾಂಬರಿಕೆಯನ್ನು ಅವನು ಕಿವಿಗೆ ವಹಿಸಿದ್ದಾನೆ. ‘ಡಬ್ಬಿ ಇನ್ನೂ ಕೂಗಿಲ್ಲ ಸಾರ್.’

ಆಮೇಲೆ ಆ ಡಬ್ಬಿ, ಅಂದರೆ ಯುಪಿಐ ಹಣ ಬಂದಾಗ ಮೊತ್ತ ಕೂಗಿ ಹೇಳುವ ಸೌಂಡ್‌ಬಾಕ್ಸ್, ಕೂಗುತ್ತದೆ: ‘ಅರವತ್ತು ರೂಪಾಯಿ ಸ್ವೀಕರಿಸಲಾಗಿದೆ.’ ಎಳನೀರು ಮಾರುವವರಾಗಲಿ ಕುಡಿಯುವವರಾಗಲಿ ಆಡದ ಕನ್ನಡ ಇದು. ಆದರೂ ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಹಾಗೆ, ಗ್ರಾಂಥಿಕವಾದಷ್ಟೂ ತೂಕ ಜಾಸ್ತಿ.

ಯುಪಿಐ 2016ರಲ್ಲಿ ಬಂತು. ಆ ನವೆಂಬರಿನ ನೋಟು ರದ್ದತಿ ಜನರನ್ನು ಅತ್ತ ತಳ್ಳಿದ್ದು ನಿಜ, ಆದರೆ ತಳ್ಳಿದ ಮಾತ್ರಕ್ಕೆ ನಂಬಿಕೆ ಹುಟ್ಟಲಿಲ್ಲ. ಕ್ಯೂಆರ್ ಸ್ಟಿಕ್ಕರ್ ಮಾತ್ರ ಇದ್ದ ಕಾಲದಲ್ಲಿ ಹಣ ಬಂದ ಎಸ್ಸೆಮ್ಮೆಸ್ ಹೋಗುತ್ತಿದ್ದುದು ಮನೆಯಲ್ಲಿದ್ದ ಯಜಮಾನನ ಫೋನಿಗೆ; ಅಂಗಡಿಯಲ್ಲಿ ಕೂತ ಹುಡುಗ ಗಿರಾಕಿಯ ಮುಖ ನೋಡಬೇಕಿತ್ತು. ಡಬ್ಬಿ ಆ ಮುಜುಗರ ತಪ್ಪಿಸಿತು. ಅದರೊಳಗಿರುವುದು ಒಂದು ಸಿಮ್, ಬ್ಯಾಟರಿ, ಸ್ಪೀಕರು. ಹಣ ಅಂಗಡಿಯವನ ಖಾತೆಗೆ ಜಮೆಯಾದ ಸುದ್ದಿ ಪೇಮೆಂಟ್ ಕಂಪನಿಯ ಸರ್ವರಿನಿಂದ ನೇರವಾಗಿ ಈ ಸಿಮ್ಮಿಗೆ ಬರುತ್ತದೆ. ಆ ದಾರಿಯಲ್ಲಿ ಗಿರಾಕಿಯ ಫೋನು ಎಲ್ಲೂ ಇಲ್ಲ. ರಾತ್ರೋರಾತ್ರಿ ಯಾರೋ ತಮ್ಮ ಕ್ಯೂಆರ್ ಸ್ಟಿಕ್ಕರನ್ನು ಮೇಲೆ ಅಂಟಿಸಿ ಹೋದರೂ ಬೆಳಗಿನ ಮೊದಲ ಬೋಣಿಗೇ ಗುಟ್ಟು ರಟ್ಟು. ಹಣ ಹೋಗುತ್ತದೆ, ಡಬ್ಬಿ ಸುಮ್ಮನಿರುತ್ತದೆ.

ಆದರೆ ಡಬ್ಬಿಗೆ ಮೊತ್ತ ಗೊತ್ತು, ಮುಖ ಗೊತ್ತಿಲ್ಲ. ದರ್ಶಿನಿಯಲ್ಲಿ ಮೂವರು ಒಟ್ಟಿಗೆ ತಲಾ ಹದಿನೈದು ರೂಪಾಯಿಯ ಕಾಫಿ ಕುಡಿದು, ಕೂಗು ಎರಡೇ ಸಲ ಕೇಳಿದರೆ ಬಾಕಿ ಉಳಿದವರು ಯಾರು? ಕ್ಯಾಷಿಯರ್ ಬೆರಳು ಮಡಚಿ ಎಣಿಸುತ್ತಾನೆ. ಸಿಗ್ನಲ್ ಬಿದ್ದುಹೋದರೆ ಇನ್ನೂ ಫಜೀತಿ. ಹತ್ತು ನಿಮಿಷ ಮೌನ, ಆಮೇಲೆ ಐದು ಕೂಗು ಸಾಲಾಗಿ, ಅಷ್ಟರಲ್ಲಿ ಕೊಟ್ಟವರೆಲ್ಲ ಬಸ್ಸು ಹತ್ತಿಯಾಗಿರುತ್ತದೆ. ಇಂಥಲ್ಲಿ ಜಗಳಕ್ಕಿಂತ ಹನ್ನೆರಡು ಅಂಕಿಯ ಯುಟಿಆರ್, ಅಂದರೆ ಪ್ರತಿ ಪಾವತಿಯ ಗುರುತಿನ ಸಂಖ್ಯೆ, ಮೇಲು. ಅದು ಅಂಗಡಿಯವನ ಆ್ಯಪಿನ ಹಿಸ್ಟರಿಯಲ್ಲಿದ್ದರೆ ಹಣ ಬಂದಿದೆ, ಡಬ್ಬಿ ಮಾತ್ರ ಮಲಗಿದೆ. ಗಿರಾಕಿಯ ಖಾತೆಯಲ್ಲಿ ಕಡಿತವಾಗಿ ಅಂಗಡಿಗೆ ಸೇರದ ಹಣ ಐದು ದಿನದೊಳಗೆ ತಾನಾಗಿ ವಾಪಸಾಗಬೇಕು, ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ. ರಿಸರ್ವ್ ಬ್ಯಾಂಕಿನ 2019ರ ನಿಯಮ. ಕೇಳುವವರು ಕಡಿಮೆ.

ಇಷ್ಟು ಗಟ್ಟಿಯಾಗಿದ್ದ ನಂಬಿಕೆ 2025ರ ಜುಲೈನಲ್ಲಿ ಅಲ್ಲಾಡಿದ್ದು ತಾಂತ್ರಿಕ ದೋಷದಿಂದಲ್ಲ. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬೇಕರಿ, ಕಾಂಡಿಮೆಂಟ್ಸ್‌ಗಳಿಗೆ ಬಂದವು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವ ವಹಿವಾಟಿನ ಮಿತಿ ವರ್ಷಕ್ಕೆ 40 ಲಕ್ಷ, ಅಂದರೆ ದಿನಕ್ಕೆ ಸುಮಾರು ಹನ್ನೊಂದು ಸಾವಿರ. ಭಾವಮೈದ ಹಿಂತಿರುಗಿಸಿದ ಸಾಲ, ಚೀಟಿ ದುಡ್ಡು ಎಲ್ಲ ಅದೇ ಖಾತೆಯಲ್ಲಿ ಬೆರೆತಿದ್ದರೆ ಯಾವುದು ವ್ಯಾಪಾರ ಎಂದು ಬಿಡಿಸಿ ಹೇಳುವುದು ಹೇಗೆ? ಡಬ್ಬಿ ಗಟ್ಟಿಯಾಗಿ ಕೂಗುತ್ತಿದ್ದುದು ತಮಗೊಬ್ಬರಿಗೇ ಎಂದುಕೊಂಡಿದ್ದವರು ಕ್ಯೂಆರ್ ಮೇಲೆ ‘ಕ್ಯಾಶ್ ಮಾತ್ರ’ ಎಂಬ ಚೀಟಿ ಅಂಟಿಸಿದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಹೇಳಬೇಕಾಯಿತು. ಅಷ್ಟರಲ್ಲಿ ಗಿರಾಕಿಗಳ ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಳ್ಳುವ ಅಭ್ಯಾಸವೇ ತಪ್ಪಿಹೋಗಿತ್ತು.