ಕೆರೆಗೆ ನೂರಕ್ಕೆ ನೂರು

ತುಮಕೂರು 2041ರಲ್ಲಿ ಎಲ್ಲಿಯವರೆಗೆ ಹಬ್ಬಿರುತ್ತದೆ ಅಂತ ಕಂಪ್ಯೂಟರ್ ಹೇಳುತ್ತದಂತೆ. ಹೇಳಲಿ, ಬೇಡ ಅಂದವರು ಯಾರು? ಆದರೆ ಶಿರಾ ಗೇಟಿನ ಟೀ ಅಂಗಡಿಯಲ್ಲಿ ಕೂತ ಯಾವ ಬ್ರೋಕರಣ್ಣನಿಗಾದರೂ ಒಂದು ಬೈಟು ಟೀ ಕೊಡಿಸಿ ನೋಡಿ, ಅವನೂ ಹೇಳುತ್ತಾನೆ. ಜೊತೆಗೆ ಸರ್ವೆ ನಂಬರು, ಮಾಲೀಕನ ಅಣ್ಣತಮ್ಮಂದಿರ ಜಗಳ, ಪೋಡಿ ಆಗಿದೆಯೋ ಇಲ್ಲವೋ, ಎಲ್ಲವೂ ಪುಕ್ಕಟೆ. ಕಂಪ್ಯೂಟರಿಗಾದರೆ ಟೆಂಡರ್ ಕರೆಯಬೇಕು.

ವಿದ್ಯೆಯೇನೋ ಒಳ್ಳೆಯದೇ, ಅದನ್ನು ಹೀಯಾಳಿಸಬಾರದು. ಉಪಗ್ರಹ ತೆಗೆದ ಚಿತ್ರವನ್ನು ಇಟ್ಟುಕೊಂಡು ಊರನ್ನು ಚೌಕ ಚೌಕ ಮಾಡುತ್ತಾರೆ. ಲ್ಯಾಂಡ್‌ಸ್ಯಾಟ್ ಚಿತ್ರವಾದರೆ ಒಂದು ಚೌಕ 30 ಮೀಟರ್ ಉದ್ದ, 30 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೆಚ್ಚೂಕಡಿಮೆ 9 ಗುಂಟೆ. ಅದರಲ್ಲಿ ಮೂವತ್ತು ನಲವತ್ತರ ಎಂಟು ಸೈಟು ಹಿಡಿಯುತ್ತವೆ. ರಸ್ತೆ, ಚರಂಡಿಗೆ ಜಾಗ ಬಿಟ್ಟರೆ ಐದು. ನಮ್ಮಲ್ಲಿ ರಸ್ತೆಯನ್ನು ಬ್ರೋಷರಿನಲ್ಲಿ ಮಾತ್ರ ಬಿಡುವ ಪದ್ಧತಿ ಇರುವುದರಿಂದ ಎಂಟೇ ಅಂತ ಇಟ್ಟುಕೊಳ್ಳಿ.

ಪ್ರತಿ ಚೌಕವೂ ಸುತ್ತಲಿನ ಎಂಟು ಚೌಕಗಳ ಕಡೆ ನೋಡುತ್ತದೆ. ಅಕ್ಕಪಕ್ಕ ಮನೆ ಎದ್ದಿದ್ದರೆ ತಾನೂ ಮನೆಯಾಗುವ ಸಾಧ್ಯತೆ ಜಾಸ್ತಿ. 1970ರಲ್ಲೇ ವಾಲ್ಡೊ ಟೋಬ್ಲರ್ ಎಂಬ ಭೂಗೋಳ ತಜ್ಞರು ಅಮೆರಿಕದ ಡೆಟ್ರಾಯಿಟ್ ಬೆಳೆಯುವುದನ್ನು ಕಂಪ್ಯೂಟರಿನಲ್ಲಿ ಸಿನಿಮಾ ಥರ ಓಡಿಸಿದ್ದರು. ಎಲ್ಲದಕ್ಕೂ ಎಲ್ಲದರ ಜೊತೆ ನಂಟಿದೆ, ಹತ್ತಿರದ್ದಕ್ಕೆ ನಂಟು ಇನ್ನೂ ಜಾಸ್ತಿ ಅಂದಿದ್ದರು. ಇದಕ್ಕೆ ಭೂಗೋಳದ ಮೊದಲ ನಿಯಮ ಅಂತ ಹೆಸರು. ತಾಲ್ಲೂಕು ಕಚೇರಿಯಲ್ಲಿ ಒಂದು ಫೈಲು ಓಡಿಸಿದವರಿಗೆ ಈ ನಿಯಮವನ್ನು ಯಾರೂ ಕಲಿಸಬೇಕಿಲ್ಲ.

ಆಮೇಲೆ 1990ರ ದಶಕದಲ್ಲಿ ಕೀತ್ ಕ್ಲಾರ್ಕ್ ಮತ್ತು ಜೊತೆಗಾರರು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಊರುಗಳಿಗಾಗಿ ಮಾಡಿದ ಮಾದರಿ ಸ್ಲೂತ್ ಅಂತ ಹೆಸರಾಯಿತು. ಅದರಲ್ಲಿ ಐದು ತಿರುಗಣೆಗಳು. ಒಂದೊಂದನ್ನೂ ನೂರರವರೆಗೆ ತಿರುಗಿಸಬಹುದು. ಏನೂ ಇಲ್ಲದ ಕಡೆ ದಿಢೀರನೆ ಒಂದು ಚೌಕ ಕೆಂಪಾಗುವುದಕ್ಕೆ, ಅಂದರೆ ಊರಾಗುವುದಕ್ಕೆ, ಒಂದು; ಹಾಗೆ ಹುಟ್ಟಿದ್ದು ಮರಿ ಹಾಕುವುದಕ್ಕೆ ಇನ್ನೊಂದು. ಉಳಿದವು ಊರಿನ ಅಂಚು ಹಿಗ್ಗುವುದಕ್ಕೆ, ರಸ್ತೆಯ ಸೆಳೆತಕ್ಕೆ, ಇಳಿಜಾರಿನ ಅಡ್ಡಿಗೆ.

ಮೊದಲನೆಯದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸುತ್ತ ರಾಗಿ ಹೊಲ, ನಡುವೆ ಸಾವಿರ ಜನ ಕೂರುವ ಕಲ್ಯಾಣ ಮಂಟಪ. ಮಾದರಿ ಇದನ್ನು ತಾನಾಗಿ ಹುಟ್ಟಿದ ಬೆಳವಣಿಗೆ ಅನ್ನುತ್ತದೆ. ತಾನಾಗಿ! ಮಂಟಪದ ಮಾಲೀಕರ ಭಾವಮೈದ ಯಾವ ಇಲಾಖೆಯಲ್ಲಿದ್ದಾರೆ ಅಂತ ಕೇಳುವ ತಿರುಗಣೆ ಅದರಲ್ಲಿಲ್ಲ. ವರ್ಷ ತುಂಬುವುದರೊಳಗೆ ಎದುರಿಗೆ ಬೇಕರಿ, ಪಕ್ಕಕ್ಕೆ ಸಿಮೆಂಟ್ ಅಂಗಡಿ. ಅವು ಮರಿಗಳು. ಇಳಿಜಾರಿನದು ಇನ್ನೂ ತಮಾಷೆ. ಗುಡ್ಡ ಕಡಿದಾಗಿದ್ದರೆ ಜನ ಅಲ್ಲಿ ಕಟ್ಟುವುದಿಲ್ಲ ಅಂತ ಮಾದರಿ ಮುಗ್ಧವಾಗಿ ನಂಬಿದೆ. ಅದಕ್ಕೆ ಯಾರೂ ಜೆಸಿಬಿ ತೋರಿಸಿಲ್ಲ.

ಅಕ್ಕಪಕ್ಕ ನೋಡಿ ಕೆಂಪಾಗುವುದು ಮಾತ್ರ ಅಪ್ಪಟ ನಿಜ. ಅದು ಹೇಗೆ ಅಂತ ಹೊಲದ ಬದುವಿನ ಮೇಲೆ ನಿಂತವನಿಗೆ ಗೊತ್ತು. ಮೂಡಲ ಕಡೆಯವನು ಲೇಔಟಿನವರಿಗೆ ಮಾರಿದ. ಅವರು ಕಾಂಪೌಂಡ್ ಹಾಕಿದರು. ಬಂಡಿದಾರಿ ಕಾಂಪೌಂಡಿನ ಒಳಗೆ ಹೋಯಿತು. ಪಡುವಲ ಕಡೆ ಮಣ್ಣು ತುಂಬಿ ಎತ್ತರಿಸಿದರು, ಮಳೆ ನೀರೆಲ್ಲ ಇವನ ಹೊಲಕ್ಕೆ ನುಗ್ಗಿತು. ಬಿತ್ತಿದ ರಾಗಿ ಕೊಳೆಯಿತು. ನಕಾಶೆಯಲ್ಲಿ ದಾರಿ ಇದೆ, ಬಿಡಿಸಿಕೊಡಿ ಅಂತ ಅರ್ಜಿ ಹಾಕಿದ. ಸರ್ವೆಯವರು ಬರುವ ಮೊದಲೇ ಬ್ರೋಕರಣ್ಣ ಬಂದ. "ಇನ್ನೇನ್ ಮಾಡ್ತೀರ ಯಜಮಾನ್ರೇ, ಸುತ್ತಮುತ್ತ ಎಲ್ಲಾರೂ ಕೊಟ್ಟಾಯ್ತಲ್ಲ." ಚೌಕ ಕೆಂಪಾಯಿತು. ಕಂಪ್ಯೂಟರಿನಲ್ಲಿ ಇದಕ್ಕೆ ಅಂಚಿನ ಬೆಳವಣಿಗೆ ಅನ್ನುತ್ತಾರೆ, ಅರೆಕ್ಷಣದ ಕೆಲಸ.

ಮಾದರಿಗೆ ಹಳೆಯ ಊರೂ ಬೇಕು. ಬೇರೆ ಬೇರೆ ಕಾಲದ ನಾಲ್ಕು ನಕ್ಷೆಯಾದರೂ ಕೊಡಬೇಕು. ಮೊದಲನೆಯದರಿಂದ ಓಡಿಸಿದರೆ ಕೊನೆಯದಕ್ಕೆ ಬಂದು ಮುಟ್ಟುತ್ತದೋ ನೋಡಬೇಕು. ಮುಟ್ಟಿದರೆ ಮಾತ್ರ ಮುಂದಿನದನ್ನು ಕೇಳಬೇಕು. (ಈ ಪರೀಕ್ಷೆಯನ್ನು ಟಿವಿ ಜ್ಯೋತಿಷಿಗಳಿಗೂ ಇಟ್ಟರೆ ಬೆಳಗಿನ ಹೊತ್ತು ಎಷ್ಟು ಶಾಂತವಾಗಿರುತ್ತದೆ, ಅಲ್ವಾ?) ನಕ್ಷೆಗೇನೂ ಬರವಿಲ್ಲ, ಉಪಗ್ರಹ ರಜೆ ಹಾಕುವುದಿಲ್ಲ. ಜನರ ಲೆಕ್ಕ ಮಾತ್ರ 2011ರದು. 2021ರಲ್ಲಿ ಮುಗಿಯಬೇಕಿದ್ದ ಜನಗಣತಿ 2027ಕ್ಕೆ ಹೋಗಿದೆ. 2011ರ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿರಲಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇರಲಿಲ್ಲ, ಅದು ಉದ್ಘಾಟನೆಯಾಗಿದ್ದು 2023ರಲ್ಲಿ. 2041ಕ್ಕೆ ಹೊರಟ ಗಾಡಿಗೆ 2011ರ ಡೀಸೆಲ್ ಹಾಕಿ ಕೂತಿದ್ದೇವೆ.

ಈಗ ಇಂಥ ನಕ್ಷೆ ನೋಡಲು ಕರೆದ ಸಭೆಗೆ ಬರೋಣ. ಇದು ಯಾವ ಕಚೇರಿಯಲ್ಲಿ ನಡೆಯಿತು ಅಂತ ಹುಡುಕಬೇಡಿ. ಇದು ನನ್ನ ಸಿಮ್ಯುಲೇಶನ್. ಇಷ್ಟು ವರ್ಷ ನೋಡಿದ ಸಭೆಗಳನ್ನೆಲ್ಲ ಸೇರಿಸಿ ತಲೆಯೊಳಗೇ ಓಡಿಸಿದ್ದು.

ಗೋಡೆಯ ಮೇಲೆ ಮೂರು ನಕ್ಷೆ. ಮೊದಲನೆಯದು ಈಗ ನಡೆದಂತೆಯೇ ನಡೆದರೆ. ಎರಡನೆಯದು ಕೆರೆ, ಕಾಡು, ಹೊಲ ಉಳಿಸಿದರೆ. ಮೂರನೆಯದು ಊರೊಳಗಿನ ಖಾಲಿ ಜಾಗವನ್ನೇ ಮೊದಲು ತುಂಬಿಸಿದರೆ. ಕನ್ಸಲ್ಟೆಂಟ್ ಹುಡುಗಿ ಪಾಪ ಚೆನ್ನಾಗಿಯೇ ವಿವರಿಸಿದಳು. "ಸರ್, ಮೊದಲನೇದು ಎಚ್ಚರಿಕೆ. ಹೀಗೆ ಆಗಬಾರದು ಅಂತ."

ಅಧ್ಯಕ್ಷರು ಕನ್ನಡಕ ಏರಿಸಿದರು. "ಅದ್ಸರಿ, ಈ ಕೆಂಪು ನಮ್ಮ ತೋಟದ ಕಡೆ ಯಾಕೆ ತಿಳಿಯಾಗಿದೆ?"

"ಅಲ್ಲಿ ಸಾಧ್ಯತೆ ಕಮ್ಮಿ ಸರ್. ನೂರು ಸಲ ಓಡಿಸಿದ್ರೆ ನಲವತ್ತು ಸಲ ಮಾತ್ರ ಊರಾಗುತ್ತೆ."

"ಇನ್ನೊಂದು ನೂರು ಸಲ ಓಡ್ಸಮ್ಮ. ಕರೆಂಟ್ ಬಿಲ್ಲು ನಾವು ಕಟ್ತೀವಿ."

"ಎಷ್ಟು ಸಲ ಓಡಿಸಿದ್ರೂ ಕಂಪ್ಯೂಟರ್ ಹೆಚ್ಚುಕಮ್ಮಿ ಅದನ್ನೇ ಹೇಳುತ್ತೆ ಸರ್."

"ನಾನು ಹೇಳ್ದೆ ಅಂತ ಅದಕ್ಕೆ ಹೇಳು."

ಮಧ್ಯಾಹ್ನದ ಊಟದ ಹೊತ್ತಿಗೆ ರಿಂಗ್ ರೋಡಿನ ಗೆರೆ ನಕ್ಷೆಯಲ್ಲಿ ಅರ್ಧ ಇಂಚು ಸರಿದಿತ್ತು. ರಸ್ತೆ ಸೆಳೆತದ ತಿರುಗಣೆ ತನ್ನ ಕೆಲಸ ಮಾಡಿತು. ನಲವತ್ತು ಇದ್ದದ್ದು ತೊಂಬತ್ತಾಯಿತು. ಇದರಲ್ಲಿ ಮೋಸ ಏನೂ ಇಲ್ಲ, ಗಣಿತ ಸರಿಯಾಗಿಯೇ ಇದೆ.

ಊಟವಾದ ಮೇಲೆ ಕೆರೆಯ ವಿಷಯ. ಮಾದರಿಯಲ್ಲಿ ಕಟ್ಟಬಾರದ ಜಾಗಗಳದೇ ಒಂದು ಪದರ ಇರುತ್ತದೆ. ಕೆರೆಯ ಚೌಕಕ್ಕೆ 100 ಅಂತ ಬರೆದರೆ ಎಷ್ಟು ಓಡಿಸಿದರೂ ಅಲ್ಲಿ ಮನೆ ಏಳುವುದಿಲ್ಲ. ಹುಡುಗಿ ಎಲ್ಲ ಕೆರೆಗೂ 100 ಕೊಟ್ಟಿದ್ದಳು. ಎಲ್ಲರೂ ಮೇಜು ಕುಟ್ಟಿದರು. ಕೆರೆ ಉಳಿಸುವುದು ಇಷ್ಟು ಸಲೀಸು ಅಂತ ಯಾರಿಗೂ ಗೊತ್ತಿರಲಿಲ್ಲ. ಹೂಳೆತ್ತಬೇಕಿಲ್ಲ, ರಾಜಕಾಲುವೆ ಬಿಡಿಸಬೇಕಿಲ್ಲ, ಒತ್ತುವರಿ ತೆರವಿಗೆ ಹೋಗಿ ಬೈಸಿಕೊಳ್ಳಬೇಕಿಲ್ಲ. ಕೆರೆಯ ಸುತ್ತ 30 ಮೀಟರ್ ಜಾಗದಲ್ಲಿ ಏನೂ ಕಟ್ಟಬಾರದು ಅಂತ 2014ರ ಕಾಯ್ದೆ ಅಂದಿತ್ತಲ್ಲ, ಅದಕ್ಕೂ ಕಂಪ್ಯೂಟರಿನಲ್ಲಿ ಸುತ್ತ ಒಂದೇ ಸಾಲು ಚೌಕ ಸಾಕು.

ಮೂಲೆಯಲ್ಲಿ ಕೂತಿದ್ದ ಹಳೆಯ ಸರ್ವೇಯರ್ ಕೈಯೆತ್ತಿದರು. "ಹಳೇ ನಕ್ಷೆ ನೋಡಿ ಕಲಿಯುತ್ತೆ ಅಂದ್ರಲ್ಲ ಮೇಡಂ, ಬೆಂಗಳೂರಿನ ಹಳೇ ನಕ್ಷೆ ತೋರ್ಸಿದೀರಾ? ಧರ್ಮಾಂಬುಧಿ ಕೆರೆ ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಮ್ಮು. ಅದನ್ನ ಕಲಿತ್ರೆ ಮೊದಲು ಕೆಂಪಾಗೋದೇ ಕೆರೆ. ಸಪಾಟು ಜಾಗ, ಸರ್ಕಾರಿ ಜಾಗ, ಕೇಳೋರಿಲ್ಲ."

ಅಧ್ಯಕ್ಷರು ಎಲ್ಲರಿಗೂ ಇನ್ನೊಂದು ಸುತ್ತು ಟೀ ತರಿಸಿದರು.

ಸಂಜೆಯೊಳಗೆ ನಕ್ಷೆಯ ಫೋಟೊ ವಾಟ್ಸ್‌ಆ್ಯಪ್ ಹತ್ತಿ ಕ್ಯಾತ್ಸಂದ್ರ ದಾಟಿತ್ತು. ಮೂರರಲ್ಲಿ ಯಾವುದು ಅಂತ ಬೇರೆ ಹೇಳಬೇಕಾ? "ಹೀಗೆ ಆಗಬಾರದು" ಅನ್ನುವುದು. ಆ ಸಾಲನ್ನು ಮಾತ್ರ ಕತ್ತರಿಸಿದ್ದರು. ಮುಂದಿನ ವಾರ ಬಿ.ಎಚ್. ರಸ್ತೆಯಲ್ಲಿ ಫ್ಲೆಕ್ಸ್: "2041ರ ತುಮಕೂರಿನ ಹೃದಯಭಾಗದಲ್ಲಿ ಸೈಟುಗಳು! ಕಂಪ್ಯೂಟರ್ ಒಪ್ಪಿದ ಜಾಗ! ಮೊದಲು ಬಂದವರಿಗೆ ಬೆಳ್ಳಿ ನಾಣ್ಯ!" ಎರಡನೇ ಮತ್ತು ಮೂರನೇ ನಕ್ಷೆ ವರದಿಯ ಕೊನೆಯ ಪುಟಗಳಲ್ಲಿ ಸುರಕ್ಷಿತವಾಗಿವೆ. ಅವಕ್ಕೆ ಗಿರಾಕಿ ಇಲ್ಲ.

ನನಗೆ ಕಂಪ್ಯೂಟರ್ ಮೇಲೆ ಸಿಟ್ಟಿಲ್ಲ. ಹೀಗೇ ಮಾಡುತ್ತಾ ಹೋದರೆ ಹೀಗಾಗುತ್ತದೆ ಅಂತ ಅದು ಹೇಳುತ್ತದೆ. ಮೊದಲ ಅರ್ಧ ಮಾತನ್ನು ನಾವು ಕೇಳಿಸಿಕೊಳ್ಳುವುದಿಲ್ಲ, ಉಳಿದ ಅರ್ಧಕ್ಕೆ ಅಡ್ವಾನ್ಸ್ ಕೊಟ್ಟು ಬರುತ್ತೇವೆ.

ಹತ್ತು ವರ್ಷ ಮುಂದಕ್ಕೆ ಓಡಿಸಿದೆ. ಭವಿಷ್ಯ ನಿಜವಾಯಿತೇ ಅಂತ ನೋಡಲು ಅದೇ ಕನ್ಸಲ್ಟೆಂಟರು ಹೊಸ ಟೆಂಡರಿನಲ್ಲಿ ಬಂದಿದ್ದಾರೆ. ನಕ್ಷೆಯನ್ನು ನೆಲದ ಮೇಲಿಟ್ಟರೆ ಚೌಕಕ್ಕೆ ಚೌಕ ಕೂರುತ್ತದೆ. ಕೂರದೆ ಏನು ಮಾಡೀತು, ಎಲ್ಲರೂ ಅದನ್ನೇ ಹಿಡಿದು ಸೈಟು ತೆಗೆದುಕೊಂಡಿದ್ದಾರೆ. ಒಂದು ಕಡೆ ಮಾತ್ರ ತಾಳೆಯಾಗುತ್ತಿಲ್ಲ. ಕಂಪ್ಯೂಟರಿನಲ್ಲಿ ನೀಲಿ ನೀರು, ನೆಲದ ಮೇಲೆ "ಲೇಕ್ ವ್ಯೂ ಬಡಾವಣೆ, ಎರಡನೇ ಹಂತ". ಇದು ಮಾದರಿಯ ದೋಷ, ಕೆರೆಗೆ ಕೊಟ್ಟ 100ನ್ನು ಸೊನ್ನೆ ಮಾಡಿದರೆ ಸರಿಹೋಗುತ್ತದೆ ಅಂತ ಷರಾ ಬರೆದು, ಬಿಲ್ಲು ಪಾಸು ಮಾಡಿದ್ದಾರೆ.