ಲಸಿಕೆಯ ಮುಯ್ಯಿ ಪುಸ್ತಕ

ಮುಂದಿನ ಮಹಾಮಾರಿ ಬರುವ ಮೊದಲು ಉಡುಪಿ ಜಿಲ್ಲೆಯನ್ನು ನೆರೆರಾಷ್ಟ್ರವೆಂದು ಘೋಷಿಸಬೇಕು ಎಂಬುದು ನನ್ನ ವಿನಮ್ರ ಬೇಡಿಕೆ. ಇದರಲ್ಲಿ ಪ್ರತ್ಯೇಕತೆಯ ದುರುದ್ದೇಶವೇನೂ ಇಲ್ಲ. ಇದು ಶುದ್ಧಾಂಗವಾಗಿ ಆರೋಗ್ಯದ ವಿಚಾರ. 2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಅಭಿಯಾನ ಆರಂಭವಾಯಿತು; 20ರಂದು ಉಡುಗೊರೆಯಾಗಿ ಭೂತಾನಕ್ಕೆ ಒಂದೂವರೆ ಲಕ್ಷ, ಮಾಲ್ದೀವ್ಸಿಗೆ ಒಂದು ಲಕ್ಷ ಡೋಸ್ ವಿಮಾನವೇರಿದವು. ಮಾಲ್ದೀವ್ಸಿನಂತೆ ನಮಗೂ ಕಡಲಿದೆ, ಮೀನಿದೆ, ಮಲ್ಪೆಯ ಎದುರಿಗೆ ದ್ವೀಪವೂ ಇದೆ. ಇಲ್ಲದಿರುವುದು ದಿಲ್ಲಿಯಲ್ಲೊಂದು ರಾಯಭಾರ ಕಚೇರಿ ಮಾತ್ರ.

ಕೊಟ್ಟದ್ದೇ ತಪ್ಪೆನ್ನುವಷ್ಟು ಸಣ್ಣ ಮನಸ್ಸು ಕರಾವಳಿಯವರದ್ದಲ್ಲ. ತಕರಾರು ಇರುವುದು, ಮದುವೆಮನೆಯಲ್ಲಿ ಯಾರು ಎಷ್ಟು ಕೊಟ್ಟರೆಂದು ಬರೆದಿಟ್ಟುಕೊಳ್ಳುವ ಮುಯ್ಯಿ ಪುಸ್ತಕದ ಬಗ್ಗೆ. ಆ ವರ್ಷ ಲಸಿಕೆಯಿದ್ದ ದೇಶಗಳೆಲ್ಲ ಅಂಥದ್ದೊಂದು ಪುಸ್ತಕ ಬಿಚ್ಚಿಟ್ಟು ಕುಳಿತಿದ್ದವು. ಇಸ್ರೇಲ್ ತನ್ನಲ್ಲಿ ಮಿಕ್ಕ ಲಸಿಕೆಯನ್ನು ಹಂಚಲು ಹೊರಟಾಗ, ಜೆರುಸಲೇಮೇ ತನ್ನ ರಾಜಧಾನಿಯೆಂದಾಗ ಹೂಂಗುಟ್ಟಿದ ಗ್ವಾಟೆಮಾಲ, ಹೊಂಡುರಾಸ್‌ನಂಥ ದೇಶಗಳ ಹೆಸರು ಪಟ್ಟಿಯಲ್ಲಿ ಕಾಣಿಸಿತು. ರಷ್ಯ ತನ್ನ ಲಸಿಕೆಗೆ ಸ್ಪುಟ್ನಿಕ್ ಎಂದು ತನ್ನ ಮೊದಲ ಉಪಗ್ರಹದ ಹೆಸರಿಟ್ಟು, ಅಂತಿಮ ಹಂತದ ಪ್ರಯೋಗ ಮುಗಿಯುವ ಮೊದಲೇ ಮಂಜೂರು ಮಾಡಿ, ಬಾಹ್ಯಾಕಾಶದ ಪೈಪೋಟಿಯನ್ನು ಇನ್ನೊಮ್ಮೆ ಗೆದ್ದುಕೊಂಡಿತು. ಜನಸಂಖ್ಯೆಯ ಹಲವು ಪಟ್ಟು ಲಸಿಕೆಯನ್ನು ಮೊದಲೇ ಕಾದಿರಿಸಿಕೊಂಡಿದ್ದ ಕೆನಡಾದ ಪ್ರಧಾನಿ ಫೆಬ್ರವರಿಯಲ್ಲಿ ದಿಲ್ಲಿಗೆ ಫೋನ್ ಮಾಡಿದರು. ಮಾರ್ಚ್‌ನಲ್ಲಿ ಐದು ಲಕ್ಷ ಡೋಸ್ ಅಲ್ಲಿಗೆ ತಲುಪಿತು. ಟೊರಾಂಟೊದ ಆಸುಪಾಸಿನ ರಸ್ತೆಗಳಲ್ಲಿ ನಮ್ಮ ಪ್ರಧಾನಿಗೆ ಧನ್ಯವಾದ ಹೇಳುವ ಫಲಕಗಳು ಎದ್ದವು.

ಬ್ರೆಜಿಲಿನ ಅಧ್ಯಕ್ಷ ಬೊಲ್ಸೊನಾರೊ ಅವರಂತೂ 20 ಲಕ್ಷ ಡೋಸ್ ಸಿಕ್ಕಿದ ಸಂತೋಷಕ್ಕೆ ಸಂಜೀವಿನಿ ಹೊತ್ತ ಹನುಮಂತನ ಚಿತ್ರವನ್ನೇ ಟ್ವೀಟ್ ಮಾಡಿದರು. ಲಸಿಕೆ ಹಾಕಿಸಿಕೊಂಡು ಮೊಸಳೆಯಾದರೆ ಕಂಪನಿ ಹೊಣೆಯಲ್ಲ ಎಂದು ಅದಕ್ಕೆ ಸ್ವಲ್ಪವೇ ಮುಂಚೆ ಎಚ್ಚರಿಸಿದ್ದವರೂ, ತಾವು ಮಾತ್ರ ಚುಚ್ಚಿಸಿಕೊಳ್ಳುವುದಿಲ್ಲವೆಂದು ಸಾರಿದ್ದವರೂ ಅವರೇ. (ನಮ್ಮ ತಾಳಮದ್ದಳೆಯ ಹನುಮಂತನಾಗಿದ್ದರೆ ಪರ್ವತವನ್ನು ಅರ್ಧ ದಾರಿಯಲ್ಲೇ ಇಳಿಸಿ, ಒಂದು ಗಂಟೆ ಅರ್ಥ ಹೇಳಿಯೇ ಮುಂದೆ ಹೋಗುತ್ತಿದ್ದ.)

ದಾನ, ವ್ಯಾಪಾರ ಎಲ್ಲ ಸೇರಿ ಆರು ಕೋಟಿಗೂ ಹೆಚ್ಚು ಡೋಸ್ ಹೊರಗೆ ಹೋದ ಮೇಲೆ, ಏಪ್ರಿಲ್‌ನಲ್ಲಿ ಎರಡನೇ ಅಲೆ ಅಪ್ಪಳಿಸಿ ರಫ್ತು ನಿಂತಿತು. ಮೇ 5ರಂದು ನೌಕಾಪಡೆಯ ಐಎನ್‌ಎಸ್ ತಲ್ವಾರ್ ಬಹರೈನಿನಿಂದ 40 ಟನ್ ದ್ರವ ಆಮ್ಲಜನಕ ಹೊತ್ತು ಪಣಂಬೂರಿನ ನವಮಂಗಳೂರು ಬಂದರಿಗೆ ಬಂತು. ಬಹರೈನಿಗೆ ನಾವು ಲಸಿಕೆ ಕಳಿಸಿದ್ದ ಪುಟದಲ್ಲಿ ಮುಯ್ಯಿಗೆ ಮುಯ್ಯಿ ಸಂದಿತೆಂದು ಬರೆದುಕೊಳ್ಳಬಹುದು. ಆ ಆಮ್ಲಜನಕ ಬೇಕೇಬೇಕಾಗಿತ್ತು; ಅದರಲ್ಲಿ ತಮಾಷೆಯಿಲ್ಲ. ಆದರೆ ಅದೇ ದಿನಗಳಲ್ಲಿ ನಮ್ಮೂರ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಬೆಳಕು ಹರಿಯುವ ಮೊದಲೇ ಟೋಕನ್ನಿಗೆ ಸಾಲು ನಿಲ್ಲುತ್ತಿತ್ತು, ನಿಲ್ಲಲಾರದ ಹಿರಿಯರ ಬದಲಿಗೆ ಅವರ ಚಪ್ಪಲಿಗಳು ನಿಲ್ಲುತ್ತಿದ್ದವು, ಒಂಬತ್ತು ಗಂಟೆಗೆ ಬಾಗಿಲು ತೆರೆದಾಗ ಸಂಭಾಷಣೆ ಹೀಗೆ ನಡೆಯುತ್ತಿತ್ತು:

"ಇವತ್ತು ಉಂಟಾ ಸಿಸ್ಟರ್?"

"ಇಲ್ಲ ಮಾರಾಯ್ರೆ, ನಾಳೆ ಬಂದ್ರೆ ಹೇಳ್ತೇನೆ."

"ಯಾವುದು ಬರ್ತದೆ?"

"ಬಂದದ್ದು ಬರ್ತದೆ."

ಸಿಸ್ಟರ್ ಮಾತು ಎಷ್ಟು ಗಂಭೀರವಾದದ್ದೆಂದು ತಿಳಿದದ್ದು ಸೌದಿಯಿಂದ ರಜೆಯಲ್ಲಿ ಬಂದು ಊರಲ್ಲಿ ಸಿಕ್ಕಿಬಿದ್ದ ಹುಡುಗರಿಗೆ. ಸಾಲಿನಲ್ಲಿ ತನ್ನ ಸರದಿ ಬಂದ ದಿನ ಪೆಟ್ಟಿಗೆಯಲ್ಲಿ ಕೋವಿಶೀಲ್ಡ್ ಇದ್ದವನು ಬಚಾವಾದ, ಕೋವ್ಯಾಕ್ಸಿನ್ ಇದ್ದವನು ಕೆಟ್ಟ. ಪುಣೆಯಲ್ಲಿ ತಯಾರಾಗುತ್ತಿದ್ದ ಕೋವಿಶೀಲ್ಡಿಗೆ ಬ್ರಿಟನ್ನಿನ ಕಂಪನಿ ಆಸ್ಟ್ರಾಜೆನೆಕಾದ ನೆಂಟಸ್ತಿಕೆಯಿದ್ದುದರಿಂದ ಸೌದಿ ಒಪ್ಪಿದ ಲಸಿಕೆಗಳ ಪಟ್ಟಿಯಲ್ಲಿ ಅದಕ್ಕೆ ಮಣೆ ಸಿಕ್ಕಿತು. ಸಂಪೂರ್ಣ ಸ್ವದೇಶಿ ಎಂದು ನಾವು ಎದೆ ತಟ್ಟಿಕೊಂಡ ಇನ್ನೊಂದಕ್ಕೆ ಸಿಗಲಿಲ್ಲ. ಸ್ನೇಹಿತ ರಾಷ್ಟ್ರಗಳಿಗೆಲ್ಲ ಲಸಿಕೆ ಹಂಚಿದ ದೇಶದ ಪ್ರಜೆಯನ್ನು, ಆ ದೇಶದ್ದೇ ಲಸಿಕೆ ಹಾಕಿಸಿಕೊಂಡ ಕಾರಣಕ್ಕೆ, ಲಸಿಕೆ ಹಾಕಿಸಿಕೊಳ್ಳದವನೆಂದು ಲೆಕ್ಕ ಹಿಡಿಯಲಾಯಿತು. ವಿಶ್ವ ಆರೋಗ್ಯ ಸಂಸ್ಥೆ ಕೋವ್ಯಾಕ್ಸಿನ್‌ಗೆ ಮಾನ್ಯತೆ ಕೊಟ್ಟದ್ದು ನವೆಂಬರ್ 3ರಂದು. ಬಜ್ಪೆಯಿಂದ ವಿಮಾನ ಹತ್ತಬೇಕಾದವನ ವೀಸಾ ಅಷ್ಟು ದಿನ ಕಾಯುವುದಿಲ್ಲ.

ಕೋವಿಶೀಲ್ಡಿನ ಭಾಗ್ಯವಂತರಿಗೆ ಪಾಠ ಕಲಿಸಿದ್ದು ಬ್ರಿಟನ್. ಮಾರ್ಚ್‌ನಲ್ಲಿ ಪುಣೆಯಿಂದಲೇ 50 ಲಕ್ಷ ಡೋಸ್ ತರಿಸಿಕೊಂಡಿದ್ದ ಆ ದೇಶ, ಅದೇ ಕಾರ್ಖಾನೆಯ ಮದ್ದು ಭಾರತೀಯನ ತೋಳಿಗೆ ಹೋದರೆ ಅದು ಚುಚ್ಚಿದ ಲೆಕ್ಕಕ್ಕೆ ಬಾರದೆಂದು ಸೆಪ್ಟೆಂಬರಿನಲ್ಲಿ ಹೇಳಿತು. ನಾವು ಕೆರಳಿದಾಗ, ತೊಂದರೆ ಇರುವುದು ಲಸಿಕೆಯಲ್ಲಲ್ಲ, ಪ್ರಮಾಣಪತ್ರದಲ್ಲಿ ಎಂದು ಸಮಜಾಯಿಷಿ ನೀಡಿತು. ನಮ್ಮ ಸರ್ಕಾರವೇನು ಕಡಿಮೆಯೇ? ಅಕ್ಟೋಬರ್ 4ರಿಂದ, ಎಷ್ಟೇ ಲಸಿಕೆ ಹಾಕಿಸಿಕೊಂಡಿರಲಿ, ಬರುವ ಬ್ರಿಟಿಷರಿಗೆಲ್ಲ ಹತ್ತು ದಿನ ಕ್ವಾರಂಟೈನ್ ಎಂದು ಆದೇಶ ಹೊರಡಿಸಿತು. ಒಂದು ವಾರದ ಬಳಿಕ ಬ್ರಿಟನ್ ಸಡಿಲಿಸಿತು, ಆಮೇಲೆ ನಾವೂ ಸಡಿಲಿಸಿದೆವು. ಅಲ್ಲಿಯವರೆಗಿನ ಕಾನೂನಿನ ಪ್ರಕಾರ, ಪುಣೆಯ ಒಂದೇ ಮದ್ದು ಮಣಿಪಾಲದಿಂದ ಹೋದ ವಿದ್ಯಾರ್ಥಿಯ ತೋಳಿನಲ್ಲಿ ಲಂಡನ್ನಿನ ಕೋಣೆಯಲ್ಲೂ, ಲಂಡನ್ನಿನಿಂದ ಬಂದ ಪ್ರವಾಸಿಯ ತೋಳಿನಲ್ಲಿ ದಿಲ್ಲಿಯ ಕೋಣೆಯಲ್ಲೂ ಬಾಗಿಲು ಹಾಕಿಕೊಂಡು ಹತ್ತತ್ತು ದಿನ ಕುಳಿತಿರಬೇಕಾಗಿತ್ತು.