ವೆಂಕಟಪ್ಪನವರ ಊಟಿ

ಚಿತ್ರಕಾರ ಕೆ. ವೆಂಕಟಪ್ಪ ಅಂದ ಕೂಡಲೇ ನಮ್ಮಲ್ಲಿ ಶುರುವಾಗುವುದು ಅವರ ಸ್ವಭಾವದ ಕಥೆಗಳು. ಮದುವೆಯಾಗಲಿಲ್ಲ, ಜನರಿಂದ ದೂರವೇ ಇದ್ದರು, ದಿನಚರಿಯಲ್ಲಿ ಹೊತ್ತು-ಖರ್ಚುಗಳ ಲೆಕ್ಕ ಬರೆದಿಟ್ಟರು, ಶೇಷಣ್ಣನವರ ಹತ್ತಿರ ವೀಣೆ ಕಲಿತರು. ಎಲ್ಲ ಸರಿ. ಚಿತ್ರಗಳ ಮಾತು ಬರುವಷ್ಟರಲ್ಲಿ ಕಾಫಿ ಮುಗಿದು ಎಲ್ಲರೂ ಎದ್ದಿರುತ್ತಾರೆ.

ಮೈಸೂರಿನ ಚಿತ್ರಗಾರರ ಮನೆತನದವರು. ನಾಲ್ವಡಿಯವರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಕೈಕೆಳಗೆ ಕಲಿತರು. ನಂದಲಾಲ್ ಬೋಸ್ ಜೊತೆಗಾರರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ 1913ರ ಪುರಾಣಕಥೆಗಳ ಪುಸ್ತಕದಲ್ಲಿ ಇವರ ಚಿತ್ರಗಳಿವೆ. ಚೆನ್ನಾಗಿಯೇ ಇವೆ, ಆದರೆ ಅವುಗಳಲ್ಲಿ ನನಗೆ ಶಿಷ್ಯನಿಗಿಂತ ಗುರುವೇ ಹೆಚ್ಚು ಕಾಣಿಸುತ್ತಾರೆ. ವೆಂಕಟಪ್ಪ ತಮ್ಮದೇ ಕಣ್ಣಿನಿಂದ ನೋಡಿದ್ದು ಊಟಿ, ಕೊಡೈಕೆನಾಲಿನ ಜಲವರ್ಣಗಳಲ್ಲಿ.

ಬೆಳದಿಂಗಳ ಊಟಿ, ಚದುರುತ್ತಿರುವ ಮುಂಗಾರು ಮೋಡ. ಹತ್ತಿರದ ಮರಗಳು ಕಡುಹಸಿರು, ಹಿಂದಿನ ಬೆಟ್ಟ ನೀಲಿ, ಅದರಾಚೆಯದು ಇದೆಯೋ ಇಲ್ಲವೋ ಎಂಬಷ್ಟು ತೆಳು. ಪಾರದರ್ಶಕ ಜಲವರ್ಣದಲ್ಲಿ ಬಿಳಿ ಬೇಕೆಂದರೆ ಬಣ್ಣ ಹಚ್ಚುವುದಲ್ಲ, ಕಾಗದವನ್ನೇ ಖಾಲಿ ಬಿಡಬೇಕು. ಅಂದರೆ ಮಂಜು ಎಲ್ಲಿ ಕೂರಬೇಕು ಅನ್ನುವುದು ಕುಂಚ ಒದ್ದೆಯಾಗುವ ಮೊದಲೇ ತೀರ್ಮಾನವಾಗಿರಬೇಕು. ಎಣ್ಣೆಬಣ್ಣದವರಿಗೆ ಮೇಲೊಂದು ಪದರ ಬಳಿದು ತಿದ್ದುವ ಅವಕಾಶವಿದೆ. ಇಲ್ಲಿ ಕೈ ತಪ್ಪಿದರೆ ಹಾಳೆಯೇ ಹೋಯಿತು. ಲೆಕ್ಕದ ಮನುಷ್ಯ ಈ ಮಾಧ್ಯಮಕ್ಕೆ ಒಗ್ಗಿದ್ದು ಆಶ್ಚರ್ಯವಲ್ಲ. ಮೊಬೈಲಿನಲ್ಲಿ ನೋಡಿದರೆ ಮಾತ್ರ ಇವು ಹಳೇ ಕ್ಯಾಲೆಂಡರಿನ ಹಾಗೆ ಕಾಣುತ್ತವೆ, ಆ ತೆಳು ಛಾಯೆಗಳೆಲ್ಲ ಮಾಯ.

ಇನ್ನೊಂದು ಮಾತು. ಅವರನ್ನು ‘ಕಲಾತಪಸ್ವಿ’ ಅನ್ನುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಅರಮನೆಗೆ ಮಾಡಿಕೊಟ್ಟ ಉಬ್ಬುಶಿಲ್ಪಗಳ ವಿಚಾರದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರು ಅವರು. ತನ್ನ ಕೆಲಸದ ಬೆಲೆ ತನಗೆ ಗೊತ್ತು ಎಂದು ಅರಮನೆಯ ಎದುರೇ ನಿಂತವರನ್ನು ಋಷಿ ಮಾಡಿ ಮೂಲೆಗೆ ಕೂರಿಸುವುದು ನಮಗೆ ಅನುಕೂಲ, ಅಷ್ಟೇ. ಋಷಿಗೆ ಸಂಭಾವನೆ ಕೊಡಬೇಕಿಲ್ಲವಲ್ಲ!

1965ರಲ್ಲಿ ತೀರಿಕೊಂಡರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಕಲಾ ಗ್ಯಾಲರಿಗೆ ಅವರ ಹೆಸರಿದೆ. ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಒಪ್ಪಂದದ ವಿರುದ್ಧ 2016ರಲ್ಲಿ ಕಲಾವಿದರು ಬೀದಿಗಿಳಿದರು, ಒಳ್ಳೆಯ ಕೆಲಸ ಮಾಡಿದರು. ಕಟ್ಟಡಕ್ಕಾಗಿ ಆದಷ್ಟು ಗಲಾಟೆ ಚಿತ್ರಗಳಿಗಾಗಿಯೂ ಆಗಲಿ. ಊಟಿ, ಕೊಡೈಕೆನಾಲಿನ ಚಿತ್ರಗಳದ್ದೇ ಒಂದು ಪುಸ್ತಕ, ಬಣ್ಣ ಕೆಡದ ಮುದ್ರಣ, ಕನ್ನಡದಲ್ಲಿ ಟಿಪ್ಪಣಿ: ಯಾರಾದರೂ ತರುವುದಾದರೆ ಹೇಳಿ, ನಾಲ್ಕು ಪ್ರತಿಗೆ ಈಗಲೇ ಮುಂಗಡ ಕೊಡುತ್ತೇನೆ.